ಸಂಜೆ ಏಳರ ಬಟಾಣಿ

ದೆಹಲಿಯ ದ್ವಾರಕಾದಲ್ಲಿ ನಮ್ಮ ಮೇಲಿನ ಮನೆಯಲ್ಲಿದ್ದ ಅಧಿಕಾರಿ ಕುಡಿತ ಬಿಟ್ಟ ಮೊದಲ ವಾರ, ಸಂಜೆ ಏಳಾದರೆ ನಮ್ಮ ಬಾಗಿಲು ತಟ್ಟುತ್ತಿದ್ದರು. ದಿನವೂ ಅದೇ ಮಾತು: "ಅಕ್ಕಾ, ಏನಾದ್ರೂ ಕೆಲಸ ಕೊಡಿ. ಕೈ ಸುಮ್ನಿರಬಾರ್ದು."

ಚಳಿಗಾಲವಾದ್ದರಿಂದ ನಾನು ಬಟಾಣಿಕಾಯಿ ಬಿಡಿಸಲು ಕೊಡುತ್ತಿದ್ದೆ. ನಡುಗುವ ಬೆರಳುಗಳಿಂದ ಅರ್ಧ ಕಾಳು ಸೋಫಾದಡಿಗೆ ಉರುಳುತ್ತಿತ್ತು. ಅವರು ಮಂಡಿಯೂರಿ, ಕಳೆದ ಕಡತ ಹುಡುಕುವ ಗಾಂಭೀರ್ಯದಲ್ಲಿ ಒಂದೊಂದನ್ನೂ ಹೆಕ್ಕುತ್ತಿದ್ದರು.

ಆರನೆಯ ಸಂಜೆ, ಅವರ ಜೊತೆಗೆ ಕುಡಿಯುತ್ತಿದ್ದ, ಅವರದೇ ಊರಿನ ಗೆಳೆಯ 'ಬಾ' ಎಂದು ಕರೆಯಲು ಫೋನ್ ಮಾಡಿದ. ಅವರು ಫೋನನ್ನು ನನ್ನ ಕೈಗಿಟ್ಟು, "ನೀವೇ ಹೇಳಿ. ನನಗಿನ್ನೂ 'ಬೇಡ' ಅನ್ನೋಕೆ ಬರಲ್ಲ," ಎಂದರು.

"ಅವರು ಬಟಾಣಿ ಬಿಡಿಸ್ತಿದ್ದಾರೆ," ಎಂದೆ.

ಆ ಕಡೆಯಿಂದ ಜೋರು ನಗು ಕೇಳಿಸಿತು. ಇವರು ಫೋನ್ ಕಸಿದುಕೊಂಡರು. "ಹೌದಪ್ಪಾ, ಬಟಾಣಿನೇ. ನಾಳೆನೂ ಬಟಾಣಿನೇ. ನಾನು ಬರಲ್ಲ. ಚಲೋ, ಇಡ್ತೀನಿ."

ತಮ್ಮ ಮಾತಿಗೆ ತಾವೇ ಬೆರಗಾಗಿ ಫೋನನ್ನೊಮ್ಮೆ ನೋಡಿ ಜೇಬಿಗಿಟ್ಟರು. ಆಮೇಲೆ, ಆ ವಾರದಲ್ಲಿ ಮೊದಲ ಸಲ, "ಹಸಿವಾಗ್ತಿದೆ ಅಕ್ಕಾ," ಎಂದರು.