ಕುಕ್ ಟೌನಿನಿಂದ ಬಂದ ಬಾಣಂತಿ

ಹೊರಮಾವಿನಲ್ಲಿ ನಾವು ಬಾಡಿಗೆಗಿದ್ದ ಮನೆಯ ಓನರ್ ಅಜ್ಜಿಗೆ ಒಂದು ವಿಷಯ ಎಷ್ಟು ಹೇಳಿದರೂ ತಲೆಗೆ ಹೋಗುತ್ತಿರಲಿಲ್ಲ. ಜನ ದುಡ್ಡು ಕೊಟ್ಟು ನಾಯಿ ಯಾಕೆ ತರುತ್ತಾರೆ? ಅವರದು ರಾಗಿ ಬೆಳೆದುಕೊಂಡಿದ್ದ ಮನೆತನ. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಹೊಲವಿದ್ದಲ್ಲಿ ಬಾಡಿಗೆ ಮನೆಗಳು ಎದ್ದಿದ್ದವು. ಹಿತ್ತಲಲ್ಲಿ ಹಸುಗಳು ಮಾತ್ರ ಉಳಿದಿದ್ದವು. "ನಾಯಿ, ಬೆಕ್ಕು, ನೆಂಟ್ರು, ಇವೆಲ್ಲ ತಾವಾಗೇ ಬತ್ತವೆ ಕಣಮ್ಮ. ಹುಡುಕ್ಕಂಡು ಹೋಗಿ ತರೋದು ಸೊಸೇನ ಮಾತ್ರ" ಎನ್ನುತ್ತಿದ್ದರು.

ಆದರೆ ಮೂರನೇ ಕ್ಲಾಸಿನಲ್ಲಿದ್ದ ನನ್ನ ಮಗಳಿಗೆ ತಾನಾಗೇ ಬರುವ ನಾಯಿ ಬೇಕಿರಲಿಲ್ಲ. ಗೆಳತಿಯ ಮನೆಯಲ್ಲಿ ನೋಡಿದ್ದಂಥ, ಜೋಲು ಕಿವಿಯ, ಬೆಣ್ಣೆ ಬಣ್ಣದ ಲ್ಯಾಬ್ರಡಾರ್ ಮರಿಯೇ ಆಗಬೇಕಿತ್ತು. ನನ್ನ ಗಂಡ ಗರುಡಾಚಾರ್‌ಪಾಳ್ಯದ ಒಂದು ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಗದಗಿನಿಂದ ಬಂದು ಈ ಊರಲ್ಲಿ ನೆಲೆಯಾದ ಮೇಲೆ ಅವರು ಮಗಳಿಗೆ ಇಲ್ಲವೆಂದದ್ದೇ ಕಡಿಮೆ. ಒಂದು ಭಾನುವಾರ ಮೂವರೂ ಶಿವಾಜಿನಗರಕ್ಕೆ ಹೊರಟೆವು.

ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ, ಗಿಳಿ, ಪಾರಿವಾಳ, ಮೊಲಗಳ ಪಂಜರಗಳ ನಡುವೆ ಒಂದು ಅಂಗಡಿ. ತಂತಿ ಬಲೆಯೊಳಗೆ ನಾಯಿಮರಿಗಳು ಒಂದರ ಮೇಲೊಂದು ಬಿದ್ದುಕೊಂಡು ನಿದ್ದೆ ಹೋಗಿದ್ದವು. ಅಂಗಡಿಯವರು ಒಂದನ್ನೆತ್ತಿ ಮಗಳ ಕೈಗಿಟ್ಟರು. ಅವಳು ಅದರ ಹೊಟ್ಟೆ ಸವರುತ್ತ ಕೇಳಿದಳು, "ಅಂಕಲ್, ಇದ್ರ ಅಮ್ಮ ಎಲ್ಲಿ?"

"ಅಮ್ಮ ಯಾಕೆ ಬೇಟಾ? ನಿಮ್ಗೆ ಮರಿ ತಾನೆ ಬೇಕು?"

"ಸುಮ್ನೆ, ನೋಡೋಕೆ."

ಅವರು ನಗುತ್ತ ನನ್ನ ಗಂಡನ ಕಡೆ ತಿರುಗಿದರು. "ನಮ್ಗೂ ಗೊತ್ತಿಲ್ಲ ಸಾರ್. ಬಾಕ್ಸ್‌ನಲ್ಲಿ ಬರ್ತವೆ, ನಾವು ಮಾರ್ತೀವಿ, ಅಷ್ಟೇ."

ಮಗಳು ಮರಿಯನ್ನು ಮೆಲ್ಲಗೆ ಪಂಜರದೊಳಗೆ ಬಿಟ್ಟಳು. ಹಟವಿಲ್ಲ, ಅಳುವಿಲ್ಲ. ಬಸ್ಸಿನಲ್ಲಿ ಮಾತ್ರ ಬಿಡದೆ ಕೇಳುತ್ತಿದ್ದಳು: ಬಾಕ್ಸ್ ಎಲ್ಲಿಂದ ಬರುತ್ತೆ? ಬಾಕ್ಸಿಗೆ ಹಾಕುವಾಗ ಅಮ್ಮ ನೋಡ್ತಿರುತ್ತಾ? ಅವಳ ಪ್ರಶ್ನೆ ನನಗೂ ಅಂಟಿಕೊಂಡಿತು. ಅಂಗಡಿಯಲ್ಲಿ ನೋಡಿದ ಮರಿಗೆ ಎಲ್ಲೋ ಒಬ್ಬ ತಾಯಿ ಇದ್ದಾಳೆ ಎನ್ನುವುದು ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ.

ಗಂಡನ ಜೊತೆ ಕೆಲಸ ಮಾಡುತ್ತಿದ್ದವರೊಬ್ಬರು ಕುಕ್ ಟೌನಿನ ಒಂದು ಮನೆ ತೋರಿಸಿಕೊಟ್ಟರು. ಹಳೇ ಬಂಗಲೆ. ಅದರಲ್ಲಿ ಒಬ್ಬರೇ ಇದ್ದ, ಗೌನು ತೊಟ್ಟ ವಯಸ್ಸಾದ ಹೆಂಗಸು. ಬೀದಿಗೆಲ್ಲ ಅವರು ಆಂಟಿ. ಮನೆಯಲ್ಲೇ ಲ್ಯಾಬ್ರಡಾರ್ ಸಾಕಿ, ಪ್ರತಿ ಸೂಲಿನ ಮರಿಗಳನ್ನು ಮಾರುತ್ತಿದ್ದರು. ಮಗಳು ಬಾಗಿಲಲ್ಲೇ ಶುರು ಮಾಡಿದಳು, "ಮರಿಗಳ ಅಮ್ಮ ಇದೆಯಾ?"

"ಗುಡ್ ಕ್ವೆಶ್ಚನ್, ಚೈಲ್ಡ್. ಬಾ, ತೋರಿಸ್ತೀನಿ."

ಹಿಂದಿನ ವರಾಂಡದಲ್ಲಿ ಮರಿಗಳು ಕುಣಿದಾಡುತ್ತಿದ್ದವು. ಮೂಲೆಯಲ್ಲಿ ಗೋಣಿಚೀಲದ ಮೇಲೆ ತಾಯಿ ಮಲಗಿತ್ತು. ಪಕ್ಕೆಲುಬುಗಳು ಕಾಣುತ್ತಿದ್ದವು, ಮೊಲೆಗಳು ಜೋತುಬಿದ್ದಿದ್ದವು. ಮಗಳು ಮರಿಗಳನ್ನು ದಾಟಿ ಹೋಗಿ ತಾಯಿಯ ಪಕ್ಕ ಕುಳಿತಳು. ಅದು ಅವಳನ್ನು ಮೂಸಿ, ಅವಳ ತೊಡೆಯ ಮೇಲೆ ಗದ್ದವಿಟ್ಟು ಕಣ್ಣು ಮುಚ್ಚಿತು.

"ಮರಿ ಎಲ್ಲಾ ಬುಕ್ ಆಗೋಗಿದೆ" ಎಂದರು ಆಂಟಿ. "ಇನ್ಮೇಲೆ ಇಲ್ಲ. ಇವಳಿಗೆ ಇದೇ ಲಾಸ್ಟ್ ಅಂತ ಡಾಕ್ಟರ್ ಹೇಳಿದಾರೆ." ಸ್ವಲ್ಪ ಹೊತ್ತು ಮಗಳನ್ನೇ ನೋಡುತ್ತಿದ್ದು ಕೇಳಿದರು, "ಇವಳನ್ನೇ ಕರ್ಕೊಂಡ್ ಹೋಗ್ತೀರಾ? ಮಾರೋದಲ್ಲ, ಸುಮ್ನೆ ಕೊಡ್ತೀನಿ. ನಂಗೂ ಕೈಲಾಗಲ್ಲ. ಇವಳು ಒಂದು ಮನೇಲಿ ಮನೆಯವಳ ಥರ ಇರ್ಲಿ."

ನನ್ನ ಗಂಡ ನನ್ನ ಕಿವಿಯಲ್ಲಿ, "ಮರಿ ತರಾಕ ಬಂದು ತಾಯೀನ ಒಯ್ಯೋದೇನ?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಮಗಳು, "ಅಮ್ಮನೇ ಬರ್ಲಿ" ಎಂದಳು.

ಮರಿಗಳೆಲ್ಲ ಬುಕ್ ಮಾಡಿದವರ ಮನೆ ಸೇರಿದ ಮೇಲೆ ಆಟೋದಲ್ಲಿ ತಾಯಿಯನ್ನು ಕರೆತಂದೆವು. ಅಜ್ಜಿ ಗೇಟಿನಲ್ಲೇ ನಿಂತು ನಕ್ಕರು. "ಅಯ್ಯೋ ಶಿವನೇ, ಬಾಣಂತೀನ ಕರ್ಕಂಡು ಬಂದವ್ರಲ್ಲಪ್ಪ!"

ಆ ತಾಯಿ ನಾಯಿಗೆ ಆಗ ಆರೋ ಏಳೋ ವರ್ಷ. ಆದರೂ ಅವಳಿಗೆ ಗೊತ್ತಿಲ್ಲದ್ದು ಎಷ್ಟೊಂದಿತ್ತು! ಚೆಂಡು ಎಸೆದರೆ ಚೆಂಡನ್ನೊಮ್ಮೆ ನಮ್ಮನ್ನೊಮ್ಮೆ ನೋಡುವಳು. ಆ ಬಂಗಲೆಯೊಳಗೇ ಬೆಳೆದವಳು ಮೆಟ್ಟಿಲು ಕಂಡಿರಲಿಲ್ಲ. ನಮ್ಮದು ಮೇಲಿನ ಮಹಡಿಯ ಮನೆ. ಬೆಳಿಗ್ಗೆ ಸಂಜೆ ನನ್ನ ಗಂಡ ಅವಳನ್ನು ಎತ್ತಿಕೊಂಡೇ ಇಳಿಸಬೇಕು, ಹತ್ತಿಸಬೇಕು. ಬೀದಿಯವರಿಗೆ ಅದೊಂದು ನೋಟ. ಮರಿಯಾದರೆ ಕಲಿಸುತ್ತ ಬೆಳೆಸಬಹುದಿತ್ತು. ಇವಳ ವಿಷಯದಲ್ಲಿ ನಾವೇ ಕಾದು ಕುಳಿತು ಒಂದೊಂದಾಗಿ ತಿಳಿದುಕೊಳ್ಳಬೇಕಾಯಿತು. ಕುಕ್ಕರ್ ಕೂಗಿದರೆ ಹೆದರುವುದಿಲ್ಲ, ಕೊಡೆ ಬಿಚ್ಚಿದರೆ ಮಂಚದಡಿ ಸೇರುತ್ತಾಳೆ. ಯಾಕೆ? ಕೇಳಿ ತಿಳಿಯುವಂತಿರಲಿಲ್ಲ.

ಕೆಲವು ತಿಂಗಳ ನಂತರ ಮನೆಯ ಸಾಮಾನು ಕಾಣೆಯಾಗತೊಡಗಿತು. ಮಗಳ ಕಾಲುಚೀಲ, ಗೊಂಬೆ, ನನ್ನ ಒಂದು ಚಪ್ಪಲಿ. ನೋಡಿದರೆ ಎಲ್ಲವೂ ಬೀರುವಿನ ಪಕ್ಕದ ಸಂದಿಯಲ್ಲಿ. ಅವಳು ಅವುಗಳ ಸುತ್ತ ಮೈ ಬಳಸಿ ಮಲಗಿದ್ದಳು. ಗೊಂಬೆಯನ್ನು ನೆಕ್ಕುತ್ತಿದ್ದಳು. ಮುಟ್ಟಿ ನೋಡಿದರೆ ಮೊಲೆಗಳು ಬಿಗಿದಿದ್ದವು, ಹಾಲು ಒಸರುತ್ತಿತ್ತು. ಗಾಬರಿಯಿಂದ ಹಲಸೂರಿನ ಡಾಕ್ಟರ ಹತ್ತಿರ ಓಡಿದೆವು. "ಸುಳ್ಳು ಬಸಿರು. ಹೊಟ್ಟೇಲಿ ಮರಿ ಇದೆ ಅಂತ ಮೈ ಅಂದ್ಕೊಂಡಿರುತ್ತೆ. ತಾನಾಗೇ ಇಳಿಯುತ್ತೆ, ಆಮೇಲೆ ಆಪರೇಷನ್ ಮಾಡ್ಸಿಬಿಡಿ" ಎಂದರು ಅವರು. ಅಜ್ಜಿಗೆ ಹೇಳಿದರೆ, "ಮೇಕೆಗೂ ಹಂಗಾಯ್ತದೆ" ಎಂದರು.

ಅದೇ ವಾರ ನಮ್ಮ ಬೀದಿಯ ಕಂದು ನಾಯಿ ನೀರಿನ ಟ್ಯಾಂಕರಿಗೆ ಸಿಕ್ಕಿ ಸತ್ತಿತು. ಅಜ್ಜಿ ದಿನಾ ಮುದ್ದೆ ಹಾಕುತ್ತಿದ್ದ ನಾಯಿ ಅದು. ಕಟ್ಟುತ್ತಿದ್ದ ಮನೆಯೊಂದರ ಮರಳಿನ ಗುಡ್ಡೆಯಲ್ಲಿ ಅದರ ಮೂರು ಮರಿಗಳಿದ್ದವು, ಕಣ್ಣು ಆಗಷ್ಟೇ ಬಿಟ್ಟಿದ್ದವು. ಅಜ್ಜಿ ಅವನ್ನು ಮಂಕರಿಯಲ್ಲಿ ತಂದು, ಜಗಲಿಯ ಮೇಲೆ ಕುಳಿತು ಹತ್ತಿಯಲ್ಲಿ ಹಸುವಿನ ಹಾಲು ಬಾಯಿಗೆ ಹಿಂಡುತ್ತಿದ್ದರು. ಹಾಲು ಗಂಟಲಿಗಿಳಿಯದೆ ಕಟವಾಯಿಯಿಂದ ಹರಿಯುತ್ತಿತ್ತು. ಮರಿಗಳು ಕುಂಯ್‌ಗುಡುತ್ತಿದ್ದವು. ನಾನು ಪಕ್ಕದಲ್ಲಿ ಬಟ್ಟೆ ಹಿಡಿದುಕೊಂಡು ಕುಳಿತಿದ್ದೆ.

ಮೇಲೆ ಉಗುರಿನ ಸದ್ದಾಯಿತು. ತಲೆಯೆತ್ತಿದರೆ ಅವಳು ಮೆಟ್ಟಿಲ ತುದಿಯಲ್ಲಿ ನಿಂತಿದ್ದಳು, ನಡುಗುತ್ತ. ಮುಂಗಾಲು ಒಂದು ಮೆಟ್ಟಿಲಿಗೆ ಇಟ್ಟಳು, ತೆಗೆದಳು, ಮತ್ತೆ ಇಟ್ಟಳು. ನಾನು ಎದ್ದೆ. ಅಜ್ಜಿ ನನ್ನ ಸೆರಗು ಹಿಡಿದು, "ಸುಮ್ಕಿರು" ಎಂದರು. ಅವಳು ಹೊಟ್ಟೆ ನೆಲಕ್ಕೆ ಉಜ್ಜುತ್ತ, ಅರ್ಧ ಜಾರುತ್ತ ಇಳಿದು ಬಂದಳು. ಮಂಕರಿ ಮೂಸಿದಳು. ಒಂದೊಂದೇ ಮರಿಯನ್ನು ತಲೆಯಿಂದ ಬಾಲದವರೆಗೆ ನೆಕ್ಕಿದಳು. ಆಮೇಲೆ ಜಗಲಿಯ ಮೇಲೇ ಅಡ್ಡ ಮಲಗಿದಳು. ಮರಿಗಳಿಗೆ ಯಾರೂ ಏನೂ ಹೇಳಿಕೊಡಬೇಕಾಗಲಿಲ್ಲ.

ಅಜ್ಜಿ ಹತ್ತಿಯ ಉಂಡೆ ಕೈಯಲ್ಲೇ ಹಿಡಿದು, "ಕುಡೀರಪ್ಪ, ಕುಡೀರಿ" ಎನ್ನುತ್ತಿದ್ದರು.

ಒಂದು ಮರಿ ಬದುಕಲಿಲ್ಲ. ತಣ್ಣಗಾದ ಮೇಲೂ ಅವಳು ಅದನ್ನು ನೆಕ್ಕುವುದು ಬಿಡದಿದ್ದಾಗ ಅಜ್ಜಿಯೇ ಮೆಲ್ಲಗೆ ತೆಗೆದುಕೊಂಡು ಹೋಗಿ ಹಿತ್ತಲಲ್ಲಿ ಹೂಳಿದರು. ಉಳಿದೆರಡು ಬಲಿತವು. ಅವಳ ಹಾಲು ಬೇಗ ಬತ್ತಿತಾದರೂ ಅಷ್ಟರಲ್ಲಿ ಅವು ಗಂಜಿ ನೆಕ್ಕಲು ಕಲಿತಿದ್ದವು.

ಸುದ್ದಿ ತಿಳಿಸಿದಾಗ ಆಂಟಿ ನಂಬಲಿಲ್ಲ. ಆಟೋ ಮಾಡಿಕೊಂಡು ನೋಡಲು ಬಂದೇಬಿಟ್ಟರು. ಅವಳು ಬಾಲ ಬಡಿದು ಅವರ ಕೈ ನೆಕ್ಕಿ, ಮತ್ತೆ ಮರಿಗಳ ಹತ್ತಿರ ಹೋಗಿ ಕುಳಿತಳು. ಅಜ್ಜಿ ಕಾಫಿ ತಂದುಕೊಟ್ಟು, ಬಹಳ ದಿನದಿಂದ ಯಾರನ್ನಾದರೂ ಕೇಳಬೇಕೆಂದುಕೊಂಡಿದ್ದಂತೆ ಕೇಳಿದರು, "ಮಾರ್ತಿದ್ರಲ್ಲ, ಮರಿ ಎತ್ಕಂಡು ಹೋದ್ರೆ ಇವಳು ಏನ್ ಮಾಡ್ತಿದ್ಳು?"

ಆಂಟಿ ಮರಿಗಳ ಕಡೆ ನೋಡುತ್ತ ಹೇಳಿದರು. "ಹುಡುಕ್ತಿದ್ಳು. ರೂಮ್ ರೂಮ್ ಹೋಗಿ ಹುಡುಕ್ತಿದ್ಳು. ಆಮೇಲೆ ಸುಮ್ನಾಗ್ತಿದ್ಳು. ಮರೆತುಹೋಯ್ತು ಅಂದ್ಕೊಳ್ತಿದ್ದೆ. ಒಳ್ಳೇ ಮನೆಗೇ ಕೊಟ್ಟಿದೀನಿ ಅಮ್ಮ, ಎಲ್ಲಾ ಒಳ್ಳೇ ಮನೆಗೇ."

"ಅದು ಸರಿ, ಬುಡಿ" ಎಂದರು ಅಜ್ಜಿ. "ಇವಳಿಗೆ ಅದನ್ನ ಯಾರು ಹೇಳೋರು?"

ಮಾತಿನಲ್ಲಿ ಚುಚ್ಚು ಇರಲಿಲ್ಲ, ನಿಜಕ್ಕೂ ತಿಳಿಯದೆ ಕೇಳಿದಂತಿತ್ತು. ಆಂಟಿ ಕಾಫಿ ಲೋಟ ಕೆಳಗಿಟ್ಟು ಗೌನು ಮಡಚಿ ನೆಲದ ಮೇಲೆ ಕುಳಿತರು. ಒಂದು ಮರಿಯನ್ನೆತ್ತಿಕೊಳ್ಳಲು ಕೈ ಚಾಚಿ, ಅವಳ ಮುಖ ನೋಡಿ ಹಿಂದಕ್ಕೆಳೆದುಕೊಂಡರು. ಅವಳು ತಾನೇ ಮೂಗಿನಿಂದ ಆ ಮರಿಯನ್ನು ಅವರ ಕಡೆ ನೂಕಿದಳು. ಇಲ್ಲವೇ ಅದು ತಾನಾಗಿ ಉರುಳಿತೋ ಏನೋ. ಇವತ್ತಿಗೂ ಮಗಳೂ ನಾನೂ ಇದರ ಬಗ್ಗೆ ವಾದ ಮಾಡುತ್ತೇವೆ.

ಗಂಡು ಮರಿಯನ್ನು ಅಜ್ಜಿ ಹಿತ್ತಲಿಗೆ ಇಟ್ಟುಕೊಂಡರು. ಹೆಣ್ಣು ನಮ್ಮದಾಯಿತು. ವರ್ಷದೊಳಗೆ ಅದು ಉದ್ದ ಕಾಲಿನ, ಸುರುಳಿ ಬಾಲದ, ಅಪ್ಪಟ ಬೀದಿ ನಾಯಿಯಾಗಿ ಬೆಳೆಯಿತು. ನನ್ನ ಗಂಡ ಅವಳನ್ನೂ ಅದನ್ನೂ ಕೆರೆಯ ಕಡೆ ನಡೆಸಿಕೊಂಡು ಹೋಗುವಾಗ ಹೊಸ ಅಪಾರ್ಟ್‌ಮೆಂಟಿನ ಜನ ನಿಲ್ಲಿಸಿ ಕೇಳುತ್ತಿದ್ದರು, "ಸಾರ್, ಇವೆರಡೂ ಏನಾಗ್ಬೇಕು? ಒಂದಕ್ಕೊಂದು ಮ್ಯಾಚೇ ಇಲ್ವಲ್ಲ."

ಮೊದಮೊದಲು ನನ್ನ ಗಂಡ ಇಡೀ ಕಥೆ ಹೇಳುತ್ತಿದ್ದರು. ಬರಬರುತ್ತ ಉತ್ತರ ಚಿಕ್ಕದಾಯಿತು. "ತಾಯಿ ಮಗಳು ರೀ" ಎಂದು ಹೇಳಿ, ಹಗ್ಗ ಸಡಿಲ ಬಿಟ್ಟು ಮುಂದಕ್ಕೆ ನಡೆಯುತ್ತಿದ್ದರು.