ರಿಪೋರ್ಟ್ ಕಾರ್ಡಿನಲ್ಲಿದ್ದ ಹಾಯ್ಡನ್

ಮಗಳ ಆರನೇ ಕ್ಲಾಸಿನ ರಿಪೋರ್ಟ್ ಕಾರ್ಡಿನ ಕೊನೆಯಲ್ಲಿ, ನಿವೃತ್ತಿಗೆ ಹತ್ತಿರವಿದ್ದ ಟೀಚರಮ್ಮ ಒಂದೇ ಒಂದು ಇಂಗ್ಲಿಷ್ ಪದ ಬರೆದಿದ್ದರು: ಹಾಯ್ಡನ್. ಬ್ಯಾಂಕಿನಲ್ಲಿ ವರ್ಷಗಟ್ಟಲೆ ಇಂಗ್ಲಿಷಿನ ಜೊತೆ ಗುದ್ದಾಡಿದ ನನಗೂ ಅದು ಗೊತ್ತಿರಲಿಲ್ಲ. ಫೋನಿನಲ್ಲಿ ಹುಡುಕಿದೆ. ಹಳೇ ಕಾಲದ ಮಾತು, ಗದ್ದಲ ಮಾಡುವ, ಹೆಣ್ಣಿನ ಲಕ್ಷಣವಿಲ್ಲದ ಹುಡುಗಿ ಎಂದಿತ್ತು. ನಮ್ಮ ಮೈಸೂರಿನಲ್ಲಾದರೆ ಗಂಡುಬೀರಿ. ನನ್ನಜ್ಜಿ ನನಗೆ ದಿನಕ್ಕೆ ಹತ್ತು ಸಲ ಅಂದದ್ದೇ. ಆದರೂ ಟೀಚರಮ್ಮನ ಮೇಲೆ ಬರಬೇಕಾದ ಸಿಟ್ಟು ಮಗಳ ಮೇಲೆ ಬಂತು.

ಆಗ ನಾವು ಕೊಚ್ಚಿಯ ಮಟ್ಟಾಂಚೇರಿಯಲ್ಲಿದ್ದೆವು. ಬೋಟಿಗೆ ಹಗ್ಗ ಕಟ್ಟುವ ಮೊದಲೇ ಅವಳು ಜೆಟ್ಟಿಗೆ ಹಾರುತ್ತಿದ್ದಳು. ಗೋದಾಮುಗಳ ಹಿಂದಿನ ಬಯಲಿನಲ್ಲಿ ಹುಡುಗರ ಜೊತೆ ಫುಟ್‌ಬಾಲ್ ಆಡಿ, ಮೊಣಕಾಲು ತರಚಿಕೊಂಡು, ಬೀದಿಗೆಲ್ಲ ಕೇಳುವಂತೆ ನಗುತ್ತ ಬರುತ್ತಿದ್ದಳು. ಹುಡುಗಿಯರ ಜಿಲ್ಲಾ ತಂಡಕ್ಕೆ ಆಯ್ಕೆಯಾದ ದಿನ ಊಟಕ್ಕೆ ಕೂತಾಗಲೂ ಶೂ ಬಿಚ್ಚಲಿಲ್ಲ.

ಬೇಡ ಎಂದು ನೇರವಾಗಿ ಹೇಳುವ ಧೈರ್ಯ ನನಗಿರಲಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದು ತಿರುವನಂತಪುರಕ್ಕೆ ವರ್ಗ ಕೇಳಿ ನಾನೇ ಅರ್ಜಿ ಹಾಕಿದೆ. ಅಲ್ಲಿ ಶಿಸ್ತಿಗೆ ಹೆಸರಾದ ಹೆಣ್ಣುಮಕ್ಕಳ ಶಾಲೆಯೊಂದಿತ್ತು. ಆರ್ಡರ್ ಬಂದಾಗ ಮುಖ ಸಪ್ಪಗೆ ಮಾಡಿಕೊಂಡು, “ಬ್ಯಾಂಕಿನೋರು ಎತ್ತಾಕಿದ್ದಾರೆ ಕಂದಾ, ನಾನೇನ್ ಮಾಡ್ಲಿ?” ಎಂದೆ. ವರ್ಗಾವಣೆಯ ನೌಕರಿಯವರಿಗೆ ಇದೊಂದು ಅನುಕೂಲ. ಮನೆಯ ಯಾವ ಪಾಪವನ್ನೂ ಹೆಡ್ ಆಫೀಸಿನ ತಲೆಗೆ ಕಟ್ಟಬಹುದು. ಅವಳು ನಂಬಿದಳು.

ತಿರುವನಂತಪುರದ ಬಾಡಿಗೆ ಮನೆಯಲ್ಲಿ ಅವಳು ಮೆತ್ತಗಾದಳು. ಹೊಸ ಶಾಲೆಯಲ್ಲಿ ಫುಟ್‌ಬಾಲ್ ಇರಲಿಲ್ಲ. ಮನೆಗೆ ಬಂದರೆ ಬಾಗಿಲನ್ನೂ ಸದ್ದಾಗದಂತೆ ಹಾಕುತ್ತಿದ್ದಳು. ಪಕ್ಕದ ಮನೆಯ ಚೇಚಿ, “ನಲ್ಲ ಅಡಕ್ಕಮುಳ್ಳ ಕುಟ್ಟಿ,” ಎಷ್ಟು ತಗ್ಗಿಬಗ್ಗಿ ನಡೆಯುವ ಮಗು ಎಂದು ಹೊಗಳಿದರು. ನಾನು ಬಯಸಿದ್ದೇ ಸಿಕ್ಕಿತ್ತು.

ಒಂದು ಸಂಜೆ ಅವಳು ಕೊಚ್ಚಿಯ ತಂಡದ ಫೋಟೋ ನೋಡುತ್ತಿದ್ದಳು. ಅವಳ ಜಾಗದಲ್ಲಿ ಬೇರೆ ಹುಡುಗಿ ನಿಂತಿದ್ದಳು. ನನಗೆ ಅಳು ತಡೆಯಲಾಗಲಿಲ್ಲ. ಅರ್ಜಿಯ ವಿಷಯ ಹೇಳಿಬಿಡೋಣ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ ಎದ್ದು ಬಂದು ನನ್ನ ಕಣ್ಣೊರೆಸಿದಳು. ನಾನು ಕನ್ನಡದಲ್ಲಿ ಏನು ಕೇಳಿದರೂ ಮಲಯಾಳದಲ್ಲೇ ಉತ್ತರಿಸುವವಳು ಅವತ್ತು ನನಗೋಸ್ಕರ, ತಡವರಿಸುತ್ತ, ಕನ್ನಡದಲ್ಲಿ ಹೇಳಿದಳು: “ಅಳ್ಬೇಡ ಅಮ್ಮಾ. ನಿಂದೇನೂ ತಪ್ಪಿಲ್ಲ.”

ನಾನು ಹೌದೆಂದು ತಲೆಯಾಡಿಸಿದೆ. ಈಗ ಅವಳಿಗೆ ಹದಿನೇಳು. ಇನ್ನೂ ಹೇಳಿಲ್ಲ.