ಹುಳದ ಮನೆಯ ಮುಂದೆ ಆರು ಪೆಟ್ಟಿಗೆ

ಕಳೆದ ಸೋಮವಾರ ಬೆಳಿಗ್ಗೆ ಆರೂವರೆಗೆ ಶಾಲು ತೆಗೆಯಲೆಂದು ಬೀರು ತೆರೆದೆ. ಆರೂವರೆ ಎಂದು ಇಷ್ಟು ಖಚಿತವಾಗಿ ಹೇಳಲು ಕಾರಣ, ಸೋಮವಾರ ನಾನು ಬೀರು ತೆರೆಯುವುದೇ ಆರೂವರೆಗೆ. ಮಂಗಳವಾರ ಅಡುಗೆಮನೆಯ ಡಬ್ಬಿಗಳು, ಬುಧವಾರ ಪುಸ್ತಕದ ಕಪಾಟು. ನಿವೃತ್ತಳಾಗಿ ಎಷ್ಟೋ ವರ್ಷವಾದರೂ ದಿನಕ್ಕೊಂದು ಕೆಲಸ ಗೊತ್ತುಮಾಡಿಕೊಳ್ಳದಿದ್ದರೆ ನನಗೆ ಊಟ ಸೇರುವುದಿಲ್ಲ. ಬೀರುವಿನ ಬಾಗಿಲು ತೆರೆದದ್ದೇ ನುಸಿಗುಳಿಗೆಯ ವಾಸನೆ ಮೂಗಿಗೆ ಅಡರಿತು. ನಿಮ್ಮ ಮನೆಯಲ್ಲೂ ಇರುತ್ತದೆ, ಸೀರೆಗಳ ನಡುವೆ ಚಿಂದಿಯಲ್ಲಿ ಕಟ್ಟಿಟ್ಟ ಆ ಬಿಳಿ ಗುಳಿಗೆ. ನಿಮಗೆ ಅದರಿಂದ ಯಾರದೋ ಮದುವೆ ನೆನಪಾಗಬಹುದು. ನನಗೆ ಮೊದಲು ನೆನಪಾಗುವುದು ಹತ್ತಿ ತುಂಬಿದ ಒಂದು ಗೂಬೆ. ಅದರ ಹಿಂದೆಯೇ, ಸೊಪ್ಪಿನ ಹೊರೆ ಹೊತ್ತು ನನ್ನ ಕಡೆಗೆ ಓಡಿ ಬರುತ್ತಿರುವ ಜಯಮ್ಮ.

ಗೂಬೆಯ ವಿಷಯ ಮೊದಲು ಹೇಳುತ್ತೇನೆ. ನಾನು ಕೆಲಸ ಮಾಡಿದ್ದು ಬೆಂಗಳೂರಿನ ಒಂದು ನಿಸರ್ಗ ವಸ್ತು ಸಂಗ್ರಹಾಲಯದಲ್ಲಿ. ಅಲ್ಲಿಗೆ ಬರಲಾಗದ ಹಳ್ಳಿ ಮಕ್ಕಳ ಬಳಿಗೆ ಸಂಗ್ರಹಾಲಯವೇ ಹೋಗಲಿ ಎಂದು ಒಂದು ವ್ಯಾನು ಮಾಡಿದ್ದರು. ತಿಂಗಳಿಗೆ ನಾಲ್ಕು ವಾರ, ವಾರಕ್ಕೊಂದು ತಾಲ್ಲೂಕು: ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ. ಆ ವ್ಯಾನಿನ ಉಸ್ತುವಾರಿ ನನ್ನದು. ಚಾಲಕ ಬೋರಯ್ಯ ಮಾಗಡಿ ಹತ್ತಿರದ ಕಲ್ಯ ಎಂಬ ಊರಿನವನು. ಹಳ್ಳಿಗಳಲ್ಲಿ ನಮ್ಮ ಗಾಡಿಗೆ 'ಸತ್ತ ಪ್ರಾಣಿ ವ್ಯಾನು' ಎಂದೇ ಹೆಸರು. ಬೋರಯ್ಯನಿಗೆ ಆ ಹೆಸರು ಬಹಳ ಹಿಡಿಸಿತ್ತು. ಎದುರಿಗೆ ಎತ್ತಿನ ಗಾಡಿ ಸಿಕ್ಕರೆ ಕಿಟಕಿಯಿಂದ ತಲೆ ಹಾಕಿ, "ಸತ್ತೋರ್ ಮೆರವಣಿಗೆ ಬತ್ತಾ ಐತೆ, ಒಸಿ ದಾರಿ ಬುಡ್ಲಾ!" ಎಂದು ಕೂಗುತ್ತಿದ್ದ. ನಾನು ಗಂಟಲು ಸರಿಪಡಿಸಿಕೊಂಡರೆ, "ನಿಮ್ಗಲ್ಲ ಮೇಡಮ್ಮೋರೆ, ಹಿಂದ್ಗಡೆ ಇರೋರ್ಗೆ ಅಂದಿದ್ದು" ಎನ್ನುತ್ತಿದ್ದ.

ವ್ಯಾನಿನಲ್ಲಿ ಆರು ಪೆಟ್ಟಿಗೆ. ತಲೆಬುರುಡೆಗಳದ್ದು ಒಂದು, ಕೊಕ್ಕು ಮತ್ತು ಪಾದಗಳದ್ದು ಒಂದು. ಗೂಬೆ ಇದ್ದದ್ದು ಇದರಲ್ಲೇ. ಆಮೇಲೆ ಗೂಡುಗಳು, ಕಲ್ಲುಗಳು, ಚಿಟ್ಟೆಗಳು. ಆರನೆಯದು ರೇಷ್ಮೆ ಹುಳುವಿನ ಜೀವನಚಕ್ರ. ಪೆಟ್ಟಿಗೆಗೆ ಒಂಬತ್ತು ನಿಮಿಷದಂತೆ ಐವತ್ತನಾಲ್ಕು ನಿಮಿಷ, ಉಳಿದ ಆರು ನಿಮಿಷ ಮಕ್ಕಳ ಪ್ರಶ್ನೆಗೆ. ನನ್ನ ಕೈಯಲ್ಲಿ ಒಂದು ಹಿತ್ತಾಳೆ ಗಂಟೆ. ಅದು ಬಾರಿಸಿದರೆ ಗೂಬೆಯನ್ನು ನೋಡುತ್ತಿದ್ದವರು ಗೂಬೆಯನ್ನು ಬಿಟ್ಟು ಗೂಡಿನ ಮುಂದೆ ನಿಲ್ಲಬೇಕು. ಈಗ ಬರೆಯುವಾಗ ನನಗೇ ನಗು ಬರುತ್ತದೆ. ಆಗ ಬರುತ್ತಿರಲಿಲ್ಲ.

ಈ ಶಿಸ್ತು ಅಪ್ಪನಿಂದ ಬಂದದ್ದು. ಅವರು ಚನ್ನಪಟ್ಟಣದಲ್ಲಿ ಮರದ ಆಟಿಕೆ ಕಡೆಯುತ್ತಿದ್ದರು. ಅವರ ಉಳಿಗಳು ದೊಡ್ಡದರಿಂದ ಚಿಕ್ಕದಕ್ಕೆ ಗೋಡೆಯ ಮೇಲೆ ಸಾಲಾಗಿ ನೇತಾಡುತ್ತಿದ್ದವು. ಯಾರಾದರೂ ಜಾಗ ಬದಲಿಸಿದರೆ ಊಟದ ಹೊತ್ತಿನವರೆಗೂ ಮಾತಿಲ್ಲ. "ಕಣ್ ಮುಚ್ಕಂಡ್ ಕೈ ಹಾಕುದ್ರೂ ಅದೇ ಉಳಿ ಸಿಗ್ಬೇಕು ಕಣಮ್ಮ. ಇಲ್ದಿದ್ರೆ ಕೈಯೇ ಹೋಯ್ತದೆ" ಎನ್ನುತ್ತಿದ್ದರು. ಮುಂದೆ ಹಾಸ್ಟೆಲಿಗೆ ಸೇರಿದೆ. ಅಲ್ಲಿ ಏಳಲು, ಮೀಯಲು, ಉಣ್ಣಲು ಎಲ್ಲಕ್ಕೂ ಗಂಟೆ. ಉಳಿದ ಹುಡುಗಿಯರು ಗೊಣಗುತ್ತಿದ್ದರು. ನನಗೆ ಮಾತ್ರ ತವರಿಗೆ ಬಂದಂತೆ ಹಿತವಾಗಿತ್ತು.

ಸಾತನೂರಿನ ಆಚೆಯ ಆ ಹಳ್ಳಿಗೆ ಹೋದದ್ದು ಒಂದು ಮಂಗಳವಾರ. ಶಾಲೆಯ ಸುತ್ತ ಹಿಪ್ಪುನೇರಳೆ ತೋಟ. ಆರನೆಯ ಪೆಟ್ಟಿಗೆಯನ್ನು ಇಳಿಸುತ್ತ ಬೋರಯ್ಯ, "ಕೋಳಿಗೆ ಕೆದರೋದ್ ಕಲ್ಸಕ್ ಹೊಂಟವ್ರೆ ನಮ್ಮ ಮೇಡಮ್ಮೋರು" ಎಂದ. ಹುಳು ಸಾಕುವ ಮನೆಯ ಮಕ್ಕಳಿಗೆ ಅದರ ಶಾಸ್ತ್ರವನ್ನು ಕ್ರಮವಾಗಿ ತಿಳಿಸುವುದು ನನ್ನ ಕರ್ತವ್ಯ ಎಂದುಕೊಂಡಿದ್ದೆ. ಸೂಜಿ ಚುಚ್ಚಿಟ್ಟ ಹುಳುಗಳನ್ನು ಕೋಲಿನಿಂದ ತೋರಿಸುತ್ತ ಮೊಟ್ಟೆ, ಮರಿ, ಗೂಡು, ಪತಂಗ ಎಂದು ಹೇಳುತ್ತಿದ್ದಾಗ ಮೂರನೆಯ ಸಾಲಿನಲ್ಲಿ ಎಂಟನೇ ತರಗತಿಯ ಹುಡುಗಿಯೊಬ್ಬಳು ಕೈ ಎತ್ತಿದಳು. ಹೆಸರು ಸುಜಾತ ಎಂದು ಆಮೇಲೆ ತಿಳಿಯಿತು.

"ಕೈ ಕೆಳಗೆ. ಪ್ರಶ್ನೆ ಕೊನೆಯಲ್ಲಿ" ಎಂದೆ.

ಕೊನೆಯ ಆರು ನಿಮಿಷವನ್ನು ಮುಖ್ಯೋಪಾಧ್ಯಾಯರ ವಂದನಾರ್ಪಣೆ ನುಂಗಿಹಾಕಿತು. ಗಂಟೆ ಬಾರಿಸಿದೆ.

ಪ್ರದರ್ಶನ ಮುಗಿದ ಅರ್ಧ ಗಂಟೆಯೊಳಗೆ ಪೆಟ್ಟಿಗೆಗಳನ್ನು ನೆರಳಿನಲ್ಲಿ ತೆರೆದಿಟ್ಟು ಗಾಳಿಯಾಡಿಸಬೇಕು, ಹೊಸ ನುಸಿಗುಳಿಗೆ ಹಾಕಬೇಕು, ತಳಕ್ಕೆ ಕೀಟನಾಶಕ ಸಿಂಪಡಿಸಿ ಮುಚ್ಚಬೇಕು. ಇದು ನಾನೇ ಬರೆದ ನಿಯಮ. ಶಾಲೆಯ ಬಯಲಿನಲ್ಲಿ ಸುಡುಬಿಸಿಲು. ಪಕ್ಕದ ಮನೆಗೆ ಸೇರಿದ ತಗಡಿನ ಮಾಡಿನ ಉದ್ದನೆಯ ಕೊಠಡಿಯೊಂದು ಕಾಣಿಸಿತು, ಅದರ ಗೋಡೆಯ ಬದಿ ಒಳ್ಳೆಯ ನೆರಳು. ಕಿಟಕಿಗಳಿಗೆಲ್ಲ ಸೊಳ್ಳೆಪರದೆಯಂಥ ಬಲೆ, ಬಾಗಿಲಿನ ಮುಂದೆ ಸುಣ್ಣದ ಪುಡಿ, ಕಾಲು ತೊಳೆಯಲು ಬಕೆಟ್ಟಿನಲ್ಲಿ ನೀರು. 'ಎಷ್ಟು ಚೊಕ್ಕಟವಾಗಿ ಇಟ್ಟುಕೊಂಡಿದ್ದಾರೆ!' ಎಂದು ಮೆಚ್ಚಿಕೊಂಡೆ ಕೂಡ. ಸ್ವಲ್ಪ ಹೊತ್ತಿನ ಹಿಂದಷ್ಟೇ ರೇಷ್ಮೆಯ ಪಾಠ ಮಾಡಿದವಳು ನಾನು, ಮರೆಯಬೇಡಿ. ನಮ್ಮ ಪೆಟ್ಟಿಗೆಯಲ್ಲಿ ಹುಳುವಿತ್ತು, ಹುಳುವಿನ ಮನೆ ಇರಲಿಲ್ಲ.

ಕಿಟಕಿಗಳ ಕೆಳಗೆ ಆರೂ ಪೆಟ್ಟಿಗೆ ಸಾಲಾಗಿ ಬಿಚ್ಚಿಟ್ಟೆ. ಸುಜಾತ ಓಡಿ ಬಂದಳು. "ಮಿಸ್, ಅಲ್ಲಿ ನಮ್ಮವ್ವ..." ಎಂದಳು.

"ಬೆಲ್ ಆಗಿದೆ. ಸಾಲಿಗೆ ಹೋಗು."

ಅವಳು ಸಾಲಿಗೆ ಹೋಗಲಿಲ್ಲ, ತೋಟದ ಕಡೆ ಓಡಿದಳು. ಎಂಥ ಅವಿಧೇಯ ಹುಡುಗಿ ಎಂದುಕೊಂಡು ಒಂದೊಂದು ಪೆಟ್ಟಿಗೆಗೂ ಹಿಡಿತುಂಬ ಗುಳಿಗೆ ಹಾಕಿದೆ. ಸಿಂಪಡಿಸುವ ಪಂಪು ಕೈಗೆತ್ತಿಕೊಂಡೆ. ಅಷ್ಟರಲ್ಲಿ ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತಿದ್ದ ಒಬ್ಬ ಹೆಂಗಸು, ಸುಜಾತಳ ಅವ್ವ ಜಯಮ್ಮ, ಬದುವಿನಿಂದ ಓಡಿ ಬಂದಳು, ಹಿಂದೆಯೇ ಸುಜಾತ.

"ಯಾರವ್ವ ನೀನು? ಪಂಪು ಕೆಳಗಿಕ್ಕು! ಇಕ್ಕು ಅಂದೆ!"

"ನಾನು ಮ್ಯೂಸಿಯಂನಿಂದ..."

"ಯಾವ ಮ್ಯೂಸಿಯಮ್ಮೋ ಏನ್ ಕತೆಯೋ! ಒಳ್ಗೆ ಹುಳ ಅವೆ ಕಣವ್ವ! ನಾಲ್ಕ್ನೇ ಜ್ವರ ಎದ್ದು ಐದ್ ದಿನ ಆಗೈತೆ. ನಾಳಿದ್ದು ಹಣ್ಣಾಯ್ತವೆ!"

ಹುಳು ಪೊರೆ ಬಿಡುವುದಕ್ಕೆ ಇಲ್ಲಿನವರು ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ಕಳೆದ ಮೇಲೆ ಹುಳು ಒಂದು ವಾರ ಹಗಲಿರುಳು ತಿನ್ನುತ್ತದೆ, ಆಮೇಲೆ ಮೈ ಹಣ್ಣಾಗಿ ಗೂಡು ಕಟ್ಟುತ್ತದೆ. ಆ ವಾರದಲ್ಲಿ ಊದುಬತ್ತಿಯ ಹೊಗೆಯೂ ಆ ಕಡೆ ಸುಳಿಯದಂತೆ ಕಾಯುತ್ತಾರೆ. ಜಯಮ್ಮನ ಹಿಂದಿನ ಸಲದ ಹುಳುಗಳು ರೋಗ ಬಂದು ಪೂರ್ತಿ ಹೋಗಿದ್ದವಂತೆ. ಇವು ಉಳಿಯಲೇಬೇಕಿತ್ತು.

ಅವಳು ಕಾಲು ತೊಳೆದು ಒಳಗೆ ಹೋದಳು, ಕ್ಷಣದಲ್ಲೇ ಬಾಗಿಲಿಗೆ ಬಂದಳು. ಈಗ ಕೂಗಲಿಲ್ಲ. "ತಲೆ ಎತ್ಕಂಡ್ ನಿಂತ್ಬುಟ್ಟವೆ. ಸೊಪ್ಪೇ ಮುಟ್ತಾ ಇಲ್ಲ" ಎಂದಳು. ಕೂಗಿದ್ದರೆ ವಾಸಿಯಾಗಿತ್ತು.

ಏನಾದರೂ ಮಾಡಬೇಕೆನಿಸಿ ಅವಳು ಕೆಡವಿದ್ದ ಸೊಪ್ಪಿನ ಹೊರೆಯನ್ನು ಎತ್ತಿಕೊಳ್ಳಲು ಹೋದೆ.

"ಅಯ್ಯೋ ಮುಟ್ಬ್ಯಾಡಿ ಮಿಸ್! ಆ ಕೈ!" ಎಂದಳು ಸುಜಾತ.

ನನ್ನ ಕೈ ನೋಡಿಕೊಂಡೆ. ಎರಡೂ ಅಂಗೈಯಲ್ಲಿ ಗುಳಿಗೆಯ ಬಿಳಿ ಪುಡಿ. ಮುಟ್ಟಿಬಿಟ್ಟಿದ್ದೆ. ಆ ಹೊರೆಯೂ ಹೋಯಿತು. ಹುಳುಗಳ ಬಾಯಿಗೆ ಇಡುವಂತಿರಲಿಲ್ಲ.

ಮುಂದಿನದನ್ನೆಲ್ಲ ನಡೆಸಿದವರು ಮಕ್ಕಳು. ಒಂದು ಗಂಟೆಯ ಹೊತ್ತು ನಾನು ಸಾಲು ನಿಲ್ಲಿಸಿದ್ದ ಮಕ್ಕಳು. ಯಾರೂ ಗಂಟೆ ಬಾರಿಸಲಿಲ್ಲ. ಇಬ್ಬರು ಹುಡುಗಿಯರು ಕುಡುಗೋಲು ಹಿಡಿದು ಹೊಸ ಸೊಪ್ಪು ಕೊಯ್ಯಲು ಹೋದರು. ಉಳಿದವರು ಮನೆಮನೆಯಿಂದ ಮೊರ ತಂದು ಕಿಟಕಿಗಳ ಹೊರಗೆ ನಿಂತು ಗಾಳಿ ಬೀಸತೊಡಗಿದರು. ಬೋರಯ್ಯ ಪೆಟ್ಟಿಗೆಗಳನ್ನು ಹೊತ್ತು ವ್ಯಾನನ್ನು ಊರಾಚೆ ನಿಲ್ಲಿಸಿ ಬಂದ. ಅವನು ತಮಾಷೆ ಮಾಡದೆ ಇದ್ದದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ಮಿಸ್, ನೀವು ಆ ಹೊಂಗೆ ಮರದ ತಾವ ನಿಂತ್ಕಳಿ. ಗಾಳಿ ಇತ್ಲಾಗಿಂದ ಅತ್ಲಾಗ್ ಬೀಸ್ತಾ ಐತೆ" ಎಂದಳು ಸುಜಾತ.

ಹೋಗಿ ನಿಂತೆ. ಸೋಪು ಹಾಕಿ ಮೂರು ಸಲ ಕೈ ತೊಳೆದು ನಿಂತೆ. ಹಾಸ್ಟೆಲು ಬಿಟ್ಟ ಮೇಲೆ ಯಾರೋ ತೋರಿಸಿದ ಜಾಗದಲ್ಲಿ ಸುಮ್ಮನೆ ನಿಂತದ್ದು ಆವತ್ತೇ. ಹೊಸ ಸೊಪ್ಪು ಬಂತು, ಒಳಗೆ ಹೋಯಿತು. ಮೊರಗಳ ಪಟಪಟ ಸದ್ದು ಬಿಟ್ಟರೆ ಬೇರೇನಿಲ್ಲ. ಎಷ್ಟು ಹೊತ್ತಾಯಿತೆಂದು ಹೇಳಲಾರೆ. ಗಡಿಯಾರ ನೋಡಲು ಧೈರ್ಯ ಬರಲಿಲ್ಲ.

ಕೊನೆಗೆ ಜಯಮ್ಮ ಬಾಗಿಲಲ್ಲಿ ಕಾಣಿಸಿಕೊಂಡು ಕೈ ಎತ್ತಿದಳು. ಮೊರಗಳು ನಿಂತವು. ಅವಳು ಕತ್ತು ಓರೆ ಮಾಡಿ ಒಳಗಿನ ಸದ್ದಿಗೆ ಕಿವಿ ಕೊಟ್ಟಳು. "ಒಸಿ ತಡ್ಕಳಿ... ತಿಂತಾ ಅವೆ" ಎಂದಳು. ಮಕ್ಕಳು ಆ ಮಾತನ್ನು ಒಬ್ಬರಿಂದೊಬ್ಬರಿಗೆ ದಾಟಿಸಿ ನನ್ನ ಮರದವರೆಗೆ ತಲುಪಿಸಿದರು: "ತಿಂತಾ ಅವಂತೆ ಮಿಸ್! ತಿಂತಾ ಅವಂತೆ!"

ಸ್ವಲ್ಪ ಹೊತ್ತಿನ ಮೇಲೆ ಜಯಮ್ಮ ಒಂದು ಲೋಟ ಮಜ್ಜಿಗೆ ತಂದು, ನನ್ನ ಕೈಗೆ ಕೊಡದೆ ಕಲ್ಲಿನ ಮೇಲೆ ಇಟ್ಟಳು. "ಹುಳದ್ ಬಗ್ಗೆ ಅಷ್ಟೊಂದ್ ಹೇಳ್ಕೊಟ್ರಂತೆ. ಹುಳ ಇರೋ ಮನೆ ಯಾವ್ದು ಅಂತ ಒಂದ್ ಮಾತು ಕೇಳ್ನಿಲ್ವಲ್ಲವ್ವ" ಎಂದಳು. ಕೋಪದಿಂದಲ್ಲ, ಅವಳಿಗೆ ನಿಜವಾಗಿ ಅರ್ಥವಾಗಿರಲಿಲ್ಲ. ಮಜ್ಜಿಗೆ ಕುಡಿದೆ.

ಆ ವಾರವೆಲ್ಲ ನನಗೆ ನೆಮ್ಮದಿಯಿಲ್ಲ. ತಿಂದ ಮಾತ್ರಕ್ಕೆ ಗೂಡು ಕಟ್ಟುತ್ತವೆಯೇ? ಭಾನುವಾರ ಬೆಳಿಗ್ಗೆ ಪೌಡರಿಲ್ಲದೆ, ಹೂವಿಲ್ಲದೆ, ಬರೀ ಸೀಗೆಪುಡಿಯಲ್ಲಿ ಮಿಂದು ಕನಕಪುರದ ಬಸ್ಸು ಹತ್ತಿದೆ. ಜಯಮ್ಮ ಬಾಗಿಲಲ್ಲೇ ತಡೆದಳು. "ಕೈ ತೋರ್ಸಿ. ಹಿಂದ್ಗಡೆ ತಿರುಗಿ. ಸೆರಗು ಮೂಸ್ತೀನಿ, ಬ್ಯಾಸರ ಮಾಡ್ಕಬ್ಯಾಡಿ." ಶಾಲೆಗಳಲ್ಲಿ ನಾನು ಮಕ್ಕಳ ಉಗುರು ನೋಡುತ್ತಿದ್ದ ರೀತಿಯಲ್ಲೇ ನೋಡಿ, "ಬನ್ನಿ" ಎಂದಳು.

ಒಳಗೆ ಚಂದ್ರಿಕೆಗಳನ್ನು, ಅಂದರೆ ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿಗಳನ್ನು, ಗೋಡೆಗೆ ಒರಗಿಸಿದ್ದರು. ಅವುಗಳ ಸುರುಳಿಗಳ ತುಂಬ ಹಳದಿ ಗೂಡುಗಳು, ಒತ್ತೊತ್ತಾಗಿ, ಗೊಂಡೆಹೂ ಮಾಲೆಯ ಹಾಗೆ. ಜಯಮ್ಮ ಒಂದನ್ನು ಬಿಡಿಸಿ ನನ್ನ ಕಿವಿಯ ಹತ್ತಿರ ಅಲ್ಲಾಡಿಸಿದಳು, ಒಳಗಿನ ಹುಳು ಲೊಟಕ್ಕೆಂದಿತು. "ಕಿಟ್ಕಿ ಪಕ್ಕದ ಎರಡ್ ತಟ್ಟೇವು ಒಸಿ ತೆಳ್ಳಗೆ ಕಟ್ಟವೆ. ಮಿಕ್ಕಿದ್ದೆಲ್ಲ ಗಟ್ಟಿ. ನೀವು ಬಂದೋಗಿದ್ದು ಅವಕ್ಕೆ ನೆಪ್ಪೈತೆ" ಎಂದು ನಕ್ಕಳು. ನಾನೂ ನಕ್ಕೆ, ಕಣ್ಣು ಒರೆಸಿಕೊಂಡೆ. ಹೊರಡುವಾಗ ಒಂದು ತೆಳು ಗೂಡನ್ನು ನನ್ನ ಕೈಗಿಟ್ಟಳು. "ನಿಮ್ ಪೆಟ್ಗೇಲಿ ಇಕ್ಕಿ. ಅದ್ರಲ್ಲಿರೋ ಹಣ್ಣು ಹುಳ ಸರಿ ಇಲ್ವಂತೆ, ಸುಜಾತ ಹೇಳ್ತಿದ್ಲು. ಹಣ್ಣಾದ್ರೆ ಬೆಳ್ಗಿರಕ್ಕಿಲ್ಲ, ಜೇನುತುಪ್ಪದಂಗೆ ಬೆಳಕು ಒಳಗೋಯ್ತದೆ. ಅದ್ನ ಹೇಳಕ್ಕೇ ಅವ್ಳು ಕೈ ಎತ್ತಿದ್ದಂತೆ."

ಗೂಡನ್ನು ಪೆಟ್ಟಿಗೆಯಲ್ಲಿಟ್ಟೆ. ಕೆಳಗೆ ಚೀಟಿ ಬರೆದೆ: 'ನುಸಿಗುಳಿಗೆಯ ವಾಸನೆ ತಾಗಿದ ಹುಳು ಕಟ್ಟಿದ್ದು.' ತಾಗಿಸಿದವರು ಯಾರೆಂದು ಕೇಳಿದ ಮಕ್ಕಳಿಗೆಲ್ಲ ಹೇಳಿದೆ. ಮುಂದಿನ ತಿಂಗಳು ಪಕ್ಕದೂರಿನ ಶಾಲೆಯಲ್ಲಿ ಆರನೆಯ ಪೆಟ್ಟಿಗೆಯ ಮುಂದೆ ನಿಂತು ಮಾತಾಡಿದವಳು ಜಯಮ್ಮ. ಒಂಬತ್ತು ನಿಮಿಷ ಕೊಟ್ಟಿದ್ದೆ. ಅವಳು ನಲವತ್ತು ತೆಗೆದುಕೊಂಡಳು. ಕಚೇರಿಯ ನಮೂನೆಯಲ್ಲಿ 'ವಿವರಿಸಿದವರ ವಿದ್ಯಾರ್ಹತೆ' ಎಂಬ ಕಲಂ ಇತ್ತು. 'ಮದುವೆಯಾದಂದಿನಿಂದ ಹುಳು ಸಾಕಿದ್ದಾರೆ' ಎಂದು ತುಂಬಿದೆ. ಮೇಲಧಿಕಾರಿ ಎರಡು ದಿನ ಇಟ್ಟುಕೊಂಡು ಸಹಿ ಹಾಕಿದರು.

ಆಮೇಲೆ ಊರೂರಲ್ಲೂ ಹಾಗೆಯೇ ಆಯಿತು. ರಾಮನಗರದ ಬೆಟ್ಟದ ತಪ್ಪಲಲ್ಲಿ ದನ ಮೇಯಿಸುವವರೊಬ್ಬರು ರಣಹದ್ದು ಯಾವ ಬಂಡೆಯಲ್ಲಿ ಕೂರುತ್ತದೆ, ಯಾಕೆ ಅಲ್ಲೇ ಕೂರುತ್ತದೆ ಎಂದು ಹೇಳಿದರು. ಚನ್ನಪಟ್ಟಣದಲ್ಲಿ ಅಪ್ಪನನ್ನೇ ಕರೆದೆ. ಆಟಿಕೆಗೆ ಹಾಲೆ ಮರವೇ ಯಾಕೆ ಬೇಕೆಂದು ಅವರು ಮಕ್ಕಳಿಗೆ ಹೇಳುತ್ತಿದ್ದಾಗ ನಾನೂ ಮೊದಲ ಸಲ ಕೇಳಿಸಿಕೊಂಡೆ. ಅದೇ ಮರದ ಆಟಿಕೆಯಲ್ಲಿ ಆಡಿ ಬೆಳೆದವಳು ನಾನು.

ಮೊದಲು ಹೇಳಿದೆನಲ್ಲ, ಬೀರು ತೆರೆದ ಆ ಸೋಮವಾರದಂದೇ ಸಂಗ್ರಹಾಲಯದ ಹೊಸ ಹುಡುಗಿಯೊಬ್ಬಳು ಫೋನು ಮಾಡಿದಳು. ಬಿಡದಿಯ ಕಾರ್ಖಾನೆಗಳ ಪಕ್ಕದ ಶಾಲೆಯಲ್ಲಿ ಕಾರ್ಯಕ್ರಮವಂತೆ. "ಅಲ್ಲಿ ಬರೀ ಕಾಂಪೌಂಡು, ಲಾರಿ. ಪ್ರಾಣಿ ಪಕ್ಷಿ ಏನೂ ಇಲ್ಲ ಮೇಡಂ. ಏನು ಹೇಳೋಣ?" ಎಂದಳು. ಹೋಗಿ ಕೇಳಿಕೊಂಡು ಬರುತ್ತೇನೆ ಎಂದೆ. ಗುರುವಾರ, ನಿವೃತ್ತಿಯ ಮೇಲೆ ನಾನು ಬಂದು ನೆಲೆಸಿರುವ ರಾಮನಗರದಿಂದ ಬಸ್ಸು ಹತ್ತಿದೆ.

ಕಾಂಪೌಂಡಿನ ನೆರಳಲ್ಲಿ ಮೇಕೆ ಬಿಟ್ಟುಕೊಂಡು ಕುಳಿತಿದ್ದ ಪುಟ್ಟತಾಯಮ್ಮ ಎಂಬ ನನ್ನ ವಯಸ್ಸಿನವಳು ಸಿಕ್ಕಳು. ಇಲ್ಲಿ ಯಾವ ಯಾವ ಜೀವಿಗಳಿವೆ ಎಂದು ಕೇಳಿದೆ.

"ಮುಂಗ್ಸಿ ಐತೆ ಕಣಕ್ಕ. ಆ ಮೋರಿ ಪೈಪಲ್ಲಿ ಮರಿ ಹಾಕೈತೆ. ಸೈರನ್ ಆಗಿ, ಶಿಫ್ಟಿನ ಜನ ಎಲ್ಲ ಹೋಗಿ ರೋಡು ಖಾಲಿ ಆಯ್ತದಲ್ಲ, ಆಗ ಮರಿಗಳ್ನ ಕರ್ಕಂಡು ದಾಟ್ತದೆ. ಅದ್ಕೂ ಟೈಮ್ ಗೊತ್ತು."

"ಸೈರನ್ ಎಷ್ಟು ಹೊತ್ತಿಗೆ?"

"ಇನ್ನೇನ್ ಆಯ್ತದೆ. ಕೂತ್ಕಳಿ, ತೋರಿಸ್ತೀನಿ."

ನಾನು ಹಿಡಿಯಬೇಕಿದ್ದ ಬಸ್ಸು ತಿರುವಿನಲ್ಲಿ ಕಾಣಿಸಿತು. ಕಂಡಕ್ಟರು ಬಾಗಿಲಲ್ಲಿ ನೇತಾಡುತ್ತ, "ಬತ್ತೀರೇನಜ್ಜಿ?" ಎಂದು ಕೂಗಿದ. ಹೋಗಪ್ಪ ಎಂದು ಕೈ ಬೀಸಿ ಪುಟ್ಟತಾಯಮ್ಮನ ಪಕ್ಕ ಕಲ್ಲಿನ ಮೇಲೆ ಕುಳಿತೆ. ಸೈರನ್ ಕೂಗಿತು. ಜನ ಬಂದರು, ಹೋದರು, ಧೂಳು ಇಳಿಯಿತು. ಮೋರಿಯ ಬಾಯಲ್ಲಿ ಒಂದು ಮೂತಿ ಕಾಣಿಸಿತು. ಹಿಂದೆ ಇನ್ನೊಂದು ಚಿಕ್ಕದು. "ಒಂದು, ಎರಡು..." ಎಂದು ಎಣಿಸತೊಡಗಿದೆ.

"ಸುಮ್ಕಿರಕ್ಕ" ಎಂದಳು ಪುಟ್ಟತಾಯಮ್ಮ.

ಸುಮ್ಮನಾದೆ.